ಕನಸು ಕಾಣಲು ಯಾರ ಅಪ್ಪಣೆ ಬೇಕು?

ಬಳ್ಳಾರಿಯ ಯಾವುದಾದರೂ ಓಣಿಯಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ‘ನಾನು ರಾಕೆಟ್ ಮಾಡುತ್ತೇನೆ’ ಎಂದರೆ ನಾವು ನಗುತ್ತೇವೆ. ಅವಳ ತಮ್ಮ ಅದೇ ಮಾತು ಹೇಳಿದರೆ ‘ಭಲೇ’ ಎನ್ನುತ್ತೇವೆ. ತಮ್ಮನದು ಛಲ, ಅಕ್ಕನದು ಹಟ! ವಿದ್ಯೆ ಗಂಡಿಗೂ ಹೆಣ್ಣಿಗೂ ಕಡ್ಡಾಯವೆಂದು ವೇದಿಕೆಗಳಲ್ಲಿ ಭಾಷಣ ಬಿಗಿಯುವವರೂ ನಾವೇ.

ಅವಳ ಕೈಗೆ ನಾವು ಕೊಡುವ ಕಥೆಗಳಲ್ಲಿ ತಾಳ್ಮೆ, ತ್ಯಾಗಗಳೇ ನಾಯಕಿಯ ಗುಣಗಳು. ಸಿಟ್ಟು, ಗೆಲ್ಲುವ ಹಂಬಲ ಇರುವ ಹುಡುಗಿಯೂ ವಿಜ್ಞಾನ ಕಾದಂಬರಿಯೊಂದರ ನಾಯಕಿಯಾಗಬಹುದಲ್ಲ ಎಂದರೆ, ‘ಅದೆಲ್ಲ ಪಾಶ್ಚಾತ್ಯರ ಗೀಳು’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇದು ಶುದ್ಧ ಅಜ್ಞಾನ. 1905ರಲ್ಲಿ ಮದ್ರಾಸಿನ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ‘ಸುಲ್ತಾನಾಸ್ ಡ್ರೀಮ್’ ಎಂಬ ಕಥೆ ಪ್ರಕಟವಾಯಿತು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ. ಆಗಿನ್ನೂ ಅದು ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಅಂದರೆ ನಮ್ಮದೇ ಪ್ರಾಂತ್ಯದ ರಾಜಧಾನಿಯಲ್ಲಿ ಅಚ್ಚಾದ ಕಥೆಯಿದು. ಬರೆದವರು ಬಂಗಾಳದ ರೊಕೇಯಾ ಸಖಾವತ್ ಹುಸೇನ್. ಪರ್ದಾದೊಳಗೆ ಬೆಳೆದು, ಶಾಲೆಯ ಮುಖ ಕಾಣದೆ, ಅಣ್ಣನಿಂದ ಇಂಗ್ಲಿಷ್ ಕಲಿತ ಹೆಣ್ಣುಮಗಳು.

ಅವರ ಕಥೆಯ ನಾಡಿನಲ್ಲಿ ಹುಡುಗಿಯರೆಲ್ಲ ಓದಬೇಕು, 21ಕ್ಕೆ ಮುಂಚೆ ಮದುವೆ ಕೂಡದು ಎಂದು ರಾಣಿಯೇ ಆಜ್ಞೆ ಮಾಡಿದ್ದಾಳೆ. ಅಲ್ಲಿನ ಒಂದು ಮಹಿಳಾ ವಿಶ್ವವಿದ್ಯಾಲಯ ಮೋಡದಿಂದಲೇ ನೀರು ಸೆಳೆಯುತ್ತದೆ. ಇನ್ನೊಂದು ಸೂರ್ಯನ ಶಾಖವನ್ನು ಕೂಡಿಡುತ್ತದೆ. ಇದನ್ನು ಕಂಡು ಗಂಡಸರು ನಗುತ್ತಾರೆ. ಯುದ್ಧದಲ್ಲಿ ಅವರೇ ಸೋತಾಗ, ಎರಡು ಸಾವಿರ ವಿದ್ಯಾರ್ಥಿನಿಯರೊಡನೆ ರಣರಂಗಕ್ಕೆ ನಡೆದು, ಬಿಸಿಲನ್ನೇ ಆಯುಧವಾಗಿಸಿ ನಾಡನ್ನು ಉಳಿಸುವವಳು ವಿಶ್ವವಿದ್ಯಾಲಯದ ಮುಖ್ಯಸ್ಥೆ.

ಆ ನಾಡಿನಲ್ಲಿ ಗಂಡಸರು ಮನೆಯೊಳಗೇ ಇರಬೇಕು. ಅದು ಅತಿಯಲ್ಲವೇ ಎನ್ನುವವರುಂಟು. ಅತಿಯೇ. ಆದರೆ ಹೆಣ್ಣನ್ನು ಕೂಡಿಹಾಕಿದಾಗ ಕಾಣದ ಅತಿ, ಗಂಡನ್ನು ಕೂಡಿಹಾಕಿದಾಗ ಮಾತ್ರ ಕಂಡಿದ್ದೇಕೆ? ಇನ್ನು, ತಲೆಯ ಮೇಲಿನ ಬಟ್ಟೆ ನೋಡಿ ಹುಡುಗಿಯ ಬುದ್ಧಿಯನ್ನು ಅಳೆಯುವವರಿಗೂ ರೊಕೇಯಾ ಅವರ ಬರಹವೇ ಉತ್ತರ.

ನೀರು, ಬಿಸಿಲು ನಮ್ಮ ನೆಲಕ್ಕೆ ಹೊಸವೇ? ತುಂಗಭದ್ರೆಯ ನೀರನ್ನೇ ನಂಬಿದ ಸಿರುಗುಪ್ಪದ ಭತ್ತದ ಗದ್ದೆಯಲ್ಲಿ, ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲಿ ಬಿಸಿಲಿಗೆ ಬೆನ್ನೊಡ್ಡಿದ ಹುಡುಗಿಗೆ ಇವುಗಳ ಬಲವನ್ನು ಯಾರೂ ಹೇಳಿಕೊಡಬೇಕಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಯ ಮಗಳಿಗೆ ಯಂತ್ರವೇನೂ ಅಪರಿಚಿತವಲ್ಲ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆಗೆ ದಾರಿ ಹಾಕಿದ್ದಾರೆ. ಆ ದಾರಿಯಲ್ಲಿ ಈ ಹುಡುಗಿಯರನ್ನು ನಾಯಕಿಯರಾಗಿ ನಡೆಸಬೇಕಾದವರು ನಮ್ಮ ಲೇಖಕರು.

ರೊಕೇಯಾ ಕನಸನ್ನು ಬರೆದಿಟ್ಟು ಸುಮ್ಮನಾಗಲಿಲ್ಲ. 1911ರಲ್ಲಿ ಕಲ್ಕತ್ತಾದಲ್ಲಿ ಹುಡುಗಿಯರಿಗಾಗಿ ಶಾಲೆ ನಡೆಸತೊಡಗಿದರು. ನಾವು ಅಷ್ಟು ಮಾಡಬೇಕಿಲ್ಲ. ಓದುತ್ತಿರುವ ಮಗಳನ್ನು ಶಾಲೆ ಬಿಡಿಸದಿರೋಣ. ಹಬ್ಬಕ್ಕೆ ಬಳೆಯ ಜೊತೆ ಒಂದು ಪುಸ್ತಕ ಕೊಡೋಣ. ರಾಕೆಟ್ ಮಾಡುತ್ತೇನೆ ಎಂದಾಗ ನಗದಿರೋಣ. ಇಷ್ಟಕ್ಕೂ ನಮಗೆ ಆಗದೆಂದರೆ, ವಿದ್ಯೆ ಕಡ್ಡಾಯವೆಂಬ ಭಾಷಣವನ್ನಾದರೂ ನಿಲ್ಲಿಸೋಣ.