ಯೋಗ್ಯಾನುಪಲಬ್ಧಿಯೂ ಕಾಣೆಯಾದ ಥೀಮುಗಳೂ

ನೆಲದ ಮೇಲೆ ಗಡಿಗೆಯಿಲ್ಲವೆಂಬುದನ್ನು ನಾವು ಯಾವ ಪ್ರಮಾಣದಿಂದ ಅರಿಯುತ್ತೇವೆಂಬ ಪ್ರಶ್ನೆಯನ್ನೆತ್ತಿಕೊಂಡು ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದರು. ನೈಯಾಯಿಕರು ಆ ಅರಿವನ್ನು ಪ್ರತ್ಯಕ್ಷದಲ್ಲಿಯೇ ಅಡಕಮಾಡಿದರೆ, ಕುಮಾರಿಲಭಟ್ಟನ ಪಂಥದ ಮೀಮಾಂಸಕರೂ ಅವರಂತೆಯೇ ಅದ್ವೈತಿಗಳೂ ಅನುಪಲಬ್ಧಿಯೆಂಬ ಆರನೆಯ ಪ್ರಮಾಣವನ್ನು ಅಂಗೀಕರಿಸಿ, ಅದರ ಜೊತೆಯಲ್ಲಿಯೇ ಒಂದು ಬಿಗಿಯಾದ ನಿಬಂಧನೆಯನ್ನೂ ವಿಧಿಸಿದರು: ವಸ್ತುವು ಇದ್ದಿದ್ದರೆ ಕಂಡೇ ತೀರಬೇಕಾದ ಸನ್ನಿವೇಶದಲ್ಲಿ ಅದು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧವಾಗತಕ್ಕದ್ದು, ಕತ್ತಲೆಯ ಕೋಣೆಯಲ್ಲಿ ನಿಂತು ಗಡಿಗೆಯಿಲ್ಲವೆಂದು ಸಾಧಿಸುವವನ ಮಾತು ಪ್ರಮಾಣವಾಗಲಾರದು. ಇದಕ್ಕೇ ಯೋಗ್ಯಾನುಪಲಬ್ಧಿಯೆಂದು ಹೆಸರು. ಮೈಸೂರಿನ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳನ್ನು ಕುರಿತು 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿದವರಿಗೆ ಈ ವಿಚಾರ ಹೊಸದಲ್ಲ. ಅದು ಕಂಪ್ಯೂಟರಿನ ತೆರೆಯ ಮೇಲೆಯೂ ಅಕ್ಷರಶಃ ಅನ್ವಯಿಸುತ್ತದೆಂಬುದು ನನಗೆ ಮನವರಿಕೆಯಾದದ್ದು ಕ್ಯಾಸಂಬಳ್ಳಿಯಲ್ಲಿ.

ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಗಳಾದ ಕೆ. ಸಿ. ರೆಡ್ಡಿಯವರ ಹೆಸರಿನ ಮೊದಲಕ್ಷರವನ್ನು ನಾಡೆಲ್ಲ ಬಲ್ಲದಾದರೂ, ಆ ಅಕ್ಷರದ ಹಿಂದಿರುವ ಕ್ಯಾಸಂಬಳ್ಳಿಯನ್ನು ಬಂಗಾರಪೇಟೆಯಿಂದಾಚೆಗೆ ಬಲ್ಲವರು ವಿರಳ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಈ ಸೀಮೆಯ ಯುವಜನರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವುದು ವಾಡಿಕೆಯಾಗಿದೆ; ಹಾಗೆ ಹೋಗಿಬರುವ ಅಕ್ಕನೊಬ್ಬಳು ಪದವಿ ಓದುವ ತಮ್ಮನಿಗೆಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೊಂದನ್ನು ತಂದುಕೊಟ್ಟಿದ್ದಳು. ಅದರಲ್ಲಿದ್ದ ಉಬುಂಟು ಲಿನಕ್ಸಿನ ಗ್ನೋಮ್ ಡೆಸ್ಕ್‌ಟಾಪು ಆ ಹಳೆಯ ಯಂತ್ರಕ್ಕೆ ಭಾರವೆನಿಸಲಾಗಿ, ಹುಡುಗನು ಹಗುರವೆಂದು ಪ್ರಸಿದ್ಧವಾದ ಎಕ್ಸ್‌ಎಫ್‌ಸಿಇಯನ್ನೂ ಅದರ ಪಕ್ಕದಲ್ಲಿಯೇ ಇನ್‌ಸ್ಟಾಲ್ ಮಾಡಿ, ಲಾಗಿನ್ ತೆರೆಯ ಮೂಲೆಯಲ್ಲಿರುವ ಗಿಯರ್ ಚಿಹ್ನೆಯನ್ನೊತ್ತಿ ಹೊಸದನ್ನು ಆರಿಸಿಕೊಂಡನು. ಯಂತ್ರವು ಚುರುಕಾಯಿತು, ಆದರೆ ಅವನು ಆಸೆಯಿಂದ ಕೂಡಿಟ್ಟಿದ್ದ ಕಪ್ಪು ಥೀಮುಗಳಲ್ಲಿ ಒಂದೂ ಪಟ್ಟಿಯಲ್ಲಿ ಕಾಣಲಿಲ್ಲ. "ಎಲ್ಲಾ ಹೋಗ್ಬಿಟ್ವು ಮೇಷ್ಟ್ರೇ, ಅಂಗಡೀಲಿ ಕೇಳಿದ್ರೆ ಫಾರ್ಮ್ಯಾಟ್ ಮಾಡ್ಬಿಡೋಣ ಅಂತಾರೆ," ಎಂದನು.

ಹೋಗಿವೆಯೆಂದು ಹೇಳುವ ಮುನ್ನ ಅವು ಎಲ್ಲಿ ಇರಬೇಕಾಗಿತ್ತೆಂಬುದನ್ನು ವಿಚಾರಿಸತಕ್ಕದ್ದು. ಲಿನಕ್ಸಿನಲ್ಲಿ ಥೀಮುಗಳಿಗೆ ಮುಖ್ಯವಾಗಿ ಎರಡು ನೆಲೆಗಳುಂಟು: ಎಲ್ಲ ಬಳಕೆದಾರರಿಗೂ ಸೇರಿದ ಯುಎಸ್‌ಆರ್ ಫೋಲ್ಡರಿನೊಳಗಣ ಶೇರ್ ಎಂಬಲ್ಲಿರುವ ಥೀಮ್ಸ್ ಒಂದು, ಪ್ರತಿಯೊಬ್ಬನ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ, ಆದಕಾರಣ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಥೀಮ್ಸ್ ಇನ್ನೊಂದು. ಫೈಲುಗಳ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಕೂಡಿ ಒತ್ತಿದೊಡನೆಯೇ ಈ ಎರಡನೆಯದು ಪ್ರಕಟವಾಯಿತು. ಹುಡುಗನ ಥೀಮುಗಳೆಲ್ಲವೂ ಅದರೊಳಗೆ ನಿರಾತಂಕವಾಗಿ ಕುಳಿತಿದ್ದವು. ಎಕ್ಸ್‌ಎಫ್‌ಸಿಇಯು ಅದೇ ಫೋಲ್ಡರನ್ನು ಓದುತ್ತದೆ. ಹಾಗಾದರೆ ಪಟ್ಟಿಯಲ್ಲೇಕೆ ಕಾಣಲಿಲ್ಲ?

ಅವನು ನೋಡುತ್ತಿದ್ದದ್ದು ವಿಂಡೋ ಮ್ಯಾನೇಜರ್ ಎಂಬ ಸೆಟ್ಟಿಂಗಿನ ಪಟ್ಟಿಯನ್ನು. ಥೀಮೆಂದು ನಾವು ಒಂದೇ ಹೆಸರಿನಿಂದ ಕರೆಯುವ ಫೋಲ್ಡರನ್ನು ತೆರೆದು ನೋಡಿದರೆ ಅದರೊಳಗೆ ಒಂದೊಂದು ಕಾರ್ಯಕ್ಕೆ ಒಂದೊಂದು ಒಳಫೋಲ್ಡರಿರುತ್ತದೆ: ಗುಂಡಿ, ಮೆನು, ಪೆಟ್ಟಿಗೆಗಳಿಗೆ ಅವನ್ನು ಬಿಡಿಸುವ ಜಿಟಿಕೆಯ ಆವೃತ್ತಿಗಳ ಹೆಸರಿನವು; ಗ್ನೋಮಿನ ಮೇಲ್ಪಟ್ಟಿಗೆ ಗ್ನೋಮ್ ಶೆಲ್; ಎಕ್ಸ್‌ಎಫ್‌ಸಿಇಯ ಕಿಟಕಿಗಳ ಚೌಕಟ್ಟಿಗೆ ಎಕ್ಸ್‌ಎಫ್‌ಡಬ್ಲ್ಯುಎಂ4. ಈ ಕೊನೆಯದನ್ನು ಥೀಮಿನ ಕರ್ತೃವು ರಚಿಸದೆ ಬಿಟ್ಟಿದ್ದರೆ ವಿಂಡೋ ಮ್ಯಾನೇಜರಿನ ಪಟ್ಟಿಯಲ್ಲಿ ಅದರ ಹೆಸರು ಬರುವುದಿಲ್ಲ; ಪಕ್ಕದ ಅಪಿಯರೆನ್ಸ್ ಎಂಬ ಸೆಟ್ಟಿಂಗನ್ನು ತೆರೆದರೆ ಅದೇ ಹೆಸರು ಅಲ್ಲಿ ಕಾಣುತ್ತದೆ. ಹುಡುಗನ ಥೀಮುಗಳ ಪೈಕಿ ಬಹಳಷ್ಟು ಹೀಗೆ ಪತ್ತೆಯಾದವು. ಸ್ನೇಹಿತನಿಂದ ಪಡೆದು ಇತ್ತೀಚೆಗಷ್ಟೇ ಹಾಕಿಕೊಂಡಿದ್ದ ಒಂದು ಮಾತ್ರ ಅಲ್ಲಿಯೂ ಇರಲಿಲ್ಲ. ಜಿಪ್ ಬಿಚ್ಚುವಾಗ ಫೋಲ್ಡರಿನೊಳಗೆ ಅದೇ ಹೆಸರಿನ ಮತ್ತೊಂದು ಫೋಲ್ಡರು ಸೃಷ್ಟಿಯಾಗಿ, ಹುಡುಕುವ ಪ್ರೋಗ್ರಾಮಿಗೆ ಒಂದು ಮೆಟ್ಟಿಲು ಹೆಚ್ಚು ಆಳದಲ್ಲಿ ಅದು ಸಿಕ್ಕಿಕೊಂಡಿತ್ತು. ಒಳಗಿನದನ್ನು ಎಳೆದು ಹೊರಗಿಟ್ಟದ್ದೇ ತಡ, ಪಟ್ಟಿಯಲ್ಲಿ ಹೆಸರು ಬಂದಿತು.

ಇಷ್ಟೊಂದು ಭಿನ್ನತೆ ಏತಕ್ಕೆಂದು ಕೇಳುವವರು ಇತಿಹಾಸದ ಕಡೆಗೆ ಒಮ್ಮೆ ನೋಡಬೇಕು. ಕೆಡಿಇ ಎಂಬ ಮತ್ತೊಂದು ಡೆಸ್ಕ್‌ಟಾಪು ಮತ್ತು ಎಕ್ಸ್‌ಎಫ್‌ಸಿಇ 1996ರಲ್ಲಿಯೂ ಗ್ನೋಮ್ 1997ರಲ್ಲಿಯೂ ಬೇರೆಬೇರೆ ಜನರ ಕೈಯಲ್ಲಿ, ಬೇರೆಬೇರೆ ಅಭಿರುಚಿಗಳಿಂದ ಹುಟ್ಟಿದವು. 2000ದಲ್ಲಿ ಫ್ರೀಡೆಸ್ಕ್‌ಟಾಪ್ ಎಂಬ ಸಾಮಾನ್ಯ ವೇದಿಕೆಯು ಏರ್ಪಟ್ಟು, ಐಕಾನುಗಳನ್ನು ಎಲ್ಲಿಡಬೇಕು, ಒಂದರಲ್ಲಿ ಸಿಗದ ಚಿತ್ರವನ್ನು ಮತ್ತೆಲ್ಲಿ ಹುಡುಕಬೇಕೆಂಬ ವಿಷಯಗಳಲ್ಲಿ ಕ್ರಮೇಣ ಒಪ್ಪಂದಗಳಾದವು. ಆದುದರಿಂದಲೇ ಐಕಾನುಗಳು ಒಂದು ಡೆಸ್ಕ್‌ಟಾಪಿನಿಂದ ಇನ್ನೊಂದಕ್ಕೆ ತಕ್ಕಮಟ್ಟಿಗೆ ಸಲೀಸಾಗಿ ದಾಟಿಕೊಳ್ಳುತ್ತವೆ. ಕಿಟಕಿಯ ಚೌಕಟ್ಟಿನ ವಿಷಯದಲ್ಲಿ ಅಂಥ ಐಕಮತ್ಯ ಸಾಧ್ಯವಾಗಲಿಲ್ಲ. ಇದನ್ನು ದೋಷವೆಂದು ಜರಿಯುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಬೀದಿಯಲ್ಲಿ ಕೇಳಿ ಬೆಳೆದವರಿಗೆ ಒಂದೇ ರೂಢಿ ಎಲ್ಲರಿಗೂ ಸಾಕೆಂಬ ವಾದ ಅಷ್ಟು ಬೇಗ ರುಚಿಸುವುದಿಲ್ಲ.

ನೆನಪಿನ ಸಂಗತಿಯೂ ಇದೆ. ಗ್ನೋಮ್ ತನ್ನ ಒಡೆಯನ ಆಯ್ಕೆಗಳನ್ನು ಡಿಕಾನ್ಫ್ ಎಂಬ ತನ್ನದೇ ಭಂಡಾರದಲ್ಲಿಯೂ, ಎಕ್ಸ್‌ಎಫ್‌ಸಿಇಯು ಎಕ್ಸ್‌ಎಫ್‌ಕಾನ್ಫ್ ಎಂಬ ಬೇರೊಂದರಲ್ಲಿಯೂ ಬರೆದಿಡುವುದರಿಂದ, ಒಂದರಲ್ಲಿ ಆರಿಸಿದ ಥೀಮು ಇನ್ನೊಂದಕ್ಕೆ ತಿಳಿದೇ ಇರುವುದಿಲ್ಲ. ಹೊಸ ಡೆಸ್ಕ್‌ಟಾಪು ತನ್ನ ಮೂಲವೇಷದಲ್ಲಿಯೇ ಎದುರುಗೊಂಡಾಗ ಹಳೆಯದು ಅಳಿಸಿಹೋಯಿತೆಂದು ಹೌಹಾರುವವರು, ಲಾಗೌಟ್ ಮಾಡಿ ಗ್ನೋಮಿಗೆ ಮರಳಿದರೆ ಬಿಟ್ಟುಹೋದ ಬಣ್ಣಗಳೆಲ್ಲ ಬಿಟ್ಟಂತೆಯೇ ಇರುವುದನ್ನು ಸಾಮಾನ್ಯವಾಗಿ ಕಾಣುವರು.

ಹೀಗಿದ್ದರೂ ಎಲ್ಲ ಅದರ್ಶನವೂ ನೋಡುವವನ ಅಜಾಗ್ರತೆಯಿಂದಲೇ ಆದದ್ದೆಂದು ಹೇಳಲಾಗದು. 2022ರ ಮಾರ್ಚಿನಲ್ಲಿ ಬಂದ ಗ್ನೋಮ್ 42ರಿಂದೀಚೆಗೆ ಲಿಬ್‌ಅದ್ವೈತ ಎಂಬ ಸಾಫ್ಟ್‌ವೇರ್ ಲೈಬ್ರರಿಯನ್ನು ಆಶ್ರಯಿಸಿದ ಅಪ್ಲಿಕೇಶನ್ನುಗಳು ಹೆಚ್ಚಿವೆ. ಅವು ಬಳಕೆದಾರನು ಆರಿಸಿದ ಜಿಟಿಕೆ ಥೀಮನ್ನು ಲಕ್ಷಿಸದೆ ತಮ್ಮದೇ ರೂಪದಲ್ಲಿ ನಿಲ್ಲುತ್ತವೆ. ಈ ಹೆಸರು ನಮ್ಮ ಅದ್ವೈತದಿಂದಲೇ ಹೋದದ್ದು. ಉಳಿದೆಲ್ಲ ರೂಪಗಳನ್ನೂ ಮಿಥ್ಯೆಯೆಂದು ತಳ್ಳುವ ಅದರ ಹಟವನ್ನು ಕಂಡರೆ ಹೆಸರಿಟ್ಟವರು ಅರಿತೇ ಇಟ್ಟರೋ ಎಂಬ ಸಂಶಯ ಬರುತ್ತದೆ. ಸ್ನ್ಯಾಪ್, ಫ್ಲಾಟ್‌ಪ್ಯಾಕ್ ರೂಪದಲ್ಲಿ ಬರುವ ಅಪ್ಲಿಕೇಶನ್ನುಗಳಾದರೋ ತಮ್ಮ ತಮ್ಮ ಆವರಣದೊಳಗೆ ಬಂದಿಗಳಾಗಿದ್ದು, ಹೊರಗಿನ ಥೀಮ್ಸ್ ಫೋಲ್ಡರನ್ನು ಪ್ರತ್ಯೇಕ ಅನುಮತಿಯಿಲ್ಲದೆ ನೋಡಲಾರವು. ಥೀಮನ್ನು ಆಡಳಿತಾಧಿಕಾರ ಕೊಡುವ ಸುಡೋ ಆದೇಶವನ್ನು ಬಳಸಿ ನಕಲು ಮಾಡಿದಾಗ ಓದುವ ಹಕ್ಕು ರೂಟ್ ಎಂಬ ಆಡಳಿತ ಖಾತೆಯೊಂದಕ್ಕೇ ಉಳಿದುಬಿಡುವುದೂ ಉಂಟು.

ಇವೆಲ್ಲವನ್ನೂ ನೋಡಿಯೂ ಕಾರಣ ಹೊಳೆಯದಿದ್ದರೆ, ಯಂತ್ರದಲ್ಲಿ ಹೊಸ ಬಳಕೆದಾರನೊಬ್ಬನ ಖಾತೆಯನ್ನು ತೆರೆದು, ಥೀಮನ್ನು ಎಲ್ಲರಿಗೂ ಸೇರಿದ ಫೋಲ್ಡರಿನಲ್ಲಿಟ್ಟು ಅವನಾಗಿ ಒಳಗೆ ಹೋಗಿ ನೋಡಬೇಕು. ಹಳೆಯ ಸೆಟ್ಟಿಂಗುಗಳ ಸೋಂಕಿಲ್ಲದ ಆ ಖಾತೆಯಲ್ಲಿ ಥೀಮು ಕಂಡರೆ ದೋಷವು ಹಳೆಯ ಹೋಮ್ ಫೋಲ್ಡರಿನಲ್ಲಿಯೇ ಇದೆ. ಅಲ್ಲಿಯೂ ಕಾಣದಿದ್ದರೆ ಮಾತ್ರ ಪ್ಯಾಕೇಜನ್ನೇ ಸಂಶಯಿಸಿ ಅದೊಂದನ್ನು ಪುನಃ ಇನ್‌ಸ್ಟಾಲ್ ಮಾಡಬಹುದು. ಮೀಮಾಂಸಕರು ಕೇಳಿದ ಯೋಗ್ಯತೆಯೆಂದರೆ ಇದೇ.

ಕ್ಯಾಸಂಬಳ್ಳಿಯ ಹುಡುಗನು ಕಿಟಕಿಯ ಚೌಕಟ್ಟಿಗೆ ಎಕ್ಸ್‌ಎಫ್‌ಸಿಇಯ ಜೊತೆಯಲ್ಲಿಯೇ ಬಂದಿದ್ದ ಒಂದು ಥೀಮನ್ನೂ ಉಳಿದುದಕ್ಕೆ ತನ್ನ ಕಪ್ಪು ಥೀಮನ್ನೂ ಜೋಡಿಸಿಕೊಂಡು ತೃಪ್ತನಾಗಿದ್ದಾನೆ. ರಿಪೇರಿಯ ಅಂಗಡಿಗಳವರಲ್ಲಿ ನನ್ನದೊಂದು ವಿನಂತಿ: ಗಿರಾಕಿಯು ಥೀಮು ಕಾಣೆಯಾಯಿತೆಂದು ಬಂದರೆ, ಫಾರ್ಮ್ಯಾಟ್ ಮಾಡುವ ಮುನ್ನ ಆ ಚುಕ್ಕೆಯ ಫೋಲ್ಡರನ್ನು ಒಮ್ಮೆ ತೆರೆದು ನೋಡಿರಿ, ಅದೇ ಡಿಸ್ಕಿನಲ್ಲಿ ಅವರ ನೋಟ್ಸುಗಳೂ ಮನೆಯವರ ಫೋಟೋಗಳೂ ಇರುತ್ತವೆ.