ಬೊಂಬೆಗೆ ಬಂದ ಮರ್ಯಾದೆ

ಬೊಂಬೆಯೆಂದರೆ ಆಟದ ಸಾಮಾನು. ಅದನ್ನು ಮಾಡುವವನು ಕೈಕಸುಬಿನವನೇ ಹೊರತು ಕಲಾವಿದನಲ್ಲ. ಜಪಾನಿನಲ್ಲಿಯೂ ಬಹುಕಾಲ ಜನರ ಎಣಿಕೆ ಹೀಗೆಯೇ ಇದ್ದಿತು. ಮಾರ್ಚ್ 3ರಂದು ಹೆಣ್ಣುಮಕ್ಕಳ ಹಬ್ಬಕ್ಕಾಗಿ ಬೊಂಬೆಗಳನ್ನು ಕೂರಿಸಿ ಆದರಿಸುವ ಆ ನಾಡಿನಲ್ಲಿ, ಅವುಗಳನ್ನು ಮಾಡಿದ ಕೈಗೆ ಮಾತ್ರ ಕಲಾವಿದನ ಮನ್ನಣೆ ದೊರೆತಿರಲಿಲ್ಲ. ಈ ಎಣಿಕೆಯನ್ನು ತಿದ್ದಿದವರಲ್ಲಿ ಹಿರಾತ ಗೋಯೋ ಒಬ್ಬರು.

1903ರಲ್ಲಿ ಟೋಕಿಯೋ ನಗರದಲ್ಲಿ ಜನಿಸಿದ ಇವರಿಗೆ ತಂದೆಯೇ ಗುರು. ತಂದೆ ‘ಇಕಿ-ನಿಂಗ್ಯೋ’, ಅಂದರೆ ‘ಜೀವಂತ ಬೊಂಬೆ’ಗಳ ನಿಪುಣರು. ಗಾಜಿನ ಕಣ್ಣು, ನಿಜವಾದ ಕೂದಲು, ಆಳೆತ್ತರದ ನಿಲುವು; ನೋಡಿದವರು ಮನುಷ್ಯರೆಂದೇ ಭ್ರಮಿಸುವಂತಹ ಈ ಬೊಂಬೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜನ ಕಾಸು ಕೊಟ್ಟು ನೋಡುತ್ತಿದ್ದರು. ಮಗನೂ ಈ ವಿದ್ಯೆಯನ್ನು ವಶಮಾಡಿಕೊಂಡು ತಂದೆಯ ವೃತ್ತಿನಾಮವನ್ನೇ ಧರಿಸಿದರು. 1927ರಲ್ಲಿ ಅಮೆರಿಕದ ಮಕ್ಕಳು ಸ್ನೇಹದ ಕುರುಹಾಗಿ 12,000ಕ್ಕೂ ಮಿಕ್ಕ ಬೊಂಬೆಗಳನ್ನು ಜಪಾನಿಗೆ ಕಳುಹಿಸಿದರು. ಅದಕ್ಕೆ ಪ್ರತಿಯಾಗಿ ಹಡಗೇರಿದ 58 ಬೊಂಬೆಗಳಲ್ಲಿ ಕೆಲವು ಗೋಯೋ ಅವರ ಕೈಯಲ್ಲಿ ಮೂಡಿದವು.

ಈ ಕೆಲಸಕ್ಕೆ ತಾಳ್ಮೆಯೇ ಬಂಡವಾಳ. ಹಗುರವಾದ ಪೌಲೋನಿಯಾ ಮರದಲ್ಲಿ ಆಕೃತಿಯನ್ನು ಕೊರೆಯಬೇಕು. ಸಿಂಪಿಯ ಚಿಪ್ಪನ್ನು ಅರೆದ ಬಿಳಿಯ ಹುಡಿಯನ್ನು ಪ್ರಾಣಿಯ ಚರ್ಮದಿಂದ ತೆಗೆದ ಅಂಟಿನಲ್ಲಿ ಕಲಸಿ, ಒಂದು ಲೇಪ ಒಣಗಿದ ಮೇಲೆ ಇನ್ನೊಂದರಂತೆ ಬಳಿದು ನಯಗೊಳಿಸಬೇಕು. ಲೇಪ ದಪ್ಪವಾದಂತೆ ಮುಖದ ರೇಖೆಗಳು ಮುಚ್ಚಿಹೋಗುತ್ತವೆ. ಆಗ ಚೂರಿಯ ಮೊನೆಯಿಂದ ಕಣ್ಣನ್ನು ಬಿಡಿಸಬೇಕು. ಅಲ್ಲಿ ಕೈ ಕೂದಲೆಳೆಯಷ್ಟು ಜಾರಿದರೂ ಮುಖಭಾವವೇ ಬೇರೆಯಾಗುತ್ತದೆ. ಕೊನೆಗೆ ಮರದಲ್ಲಿ ಸಣ್ಣ ಗೀರುಗಳನ್ನು ಕೊರೆದು, ಬಟ್ಟೆಯ ಅಂಚುಗಳನ್ನು ಅವುಗಳೊಳಕ್ಕೆ ಒತ್ತಿ ಉಡುಗೆ ತೊಡಿಸುವುದೂ ಉಂಟು.

1936ರಲ್ಲಿ ಸರ್ಕಾರದ ಮಹಾ ಕಲಾಪ್ರದರ್ಶನವು ಬೊಂಬೆಗಳಿಗೆ ಮೊಟ್ಟಮೊದಲು ಬಾಗಿಲು ತೆರೆಯಿತು. ಅಂದು ಚಿತ್ರ ಶಿಲ್ಪಗಳ ಸಾಲಿನಲ್ಲಿ ಸ್ಥಾನ ಪಡೆದ ಕೆಲವೇ ಕೃತಿಗಳಲ್ಲಿ ಗೋಯೋ ಅವರದೂ ಒಂದು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಮನುಷ್ಯನನ್ನು ಯಥಾವತ್ತಾಗಿ ಅನುಕರಿಸುವುದನ್ನು ಕ್ರಮೇಣ ಬಿಟ್ಟರು. ವಿವರಗಳು ಕಡಿಮೆಯಾದವು, ರೇಖೆಗಳು ಸರಳವಾದವು. ತಾಯಿ ಮಕ್ಕಳ ವಾತ್ಸಲ್ಯವೇ ಮೊದಲಾದ ಭಾವಗಳು ಮುಂದೆ ಬಂದವು. ಕಣ್ಣನ್ನು ಮರುಳುಮಾಡಬಲ್ಲ ಕೈ ಈಗ ಮನಸ್ಸನ್ನು ಮುಟ್ಟಲು ಹೊರಟಿತ್ತು.

1955ರಲ್ಲಿ ಜಪಾನ್ ಸರ್ಕಾರ ಅವರ ವಿದ್ಯೆಯನ್ನು ರಾಷ್ಟ್ರದ ಮಹತ್ವದ ಸಾಂಸ್ಕೃತಿಕ ಸಂಪತ್ತೆಂದು ಮಾನ್ಯಮಾಡಿತು. ಹೊರಿ ರ್ಯೂಜೊ ಎಂಬ ಮಹಿಳೆಗೂ ಅದೇ ವರ್ಷ ಈ ಗೌರವ ಸಂದಿತು. 1981ರಲ್ಲಿ ಗೋಯೋ ಕಾಲವಾದರು. ತಂದೆ ಜೀವಂತ ಬೊಂಬೆಗಳನ್ನು ಮಾಡಿದರು. ಮಗನನ್ನು ನಾಡು ‘ಜೀವಂತ ರಾಷ್ಟ್ರನಿಧಿ’ಯೆಂದು ಕರೆಯಿತು.