ಅಳತೆ ಮೊದಲು, ಅಡಿಗಲ್ಲು ಆಮೇಲೆ

ನಕ್ಷತ್ರ ಮಿನುಗುವುದು ಕವಿಗೆ ಸೊಗಸು. ಖಗೋಳ ವಿಜ್ಞಾನಿಗೆ ತೊಡಕು. ತಂಪು-ಬಿಸಿ ಗಾಳಿಯ ಪದರಗಳು ಕಲಕಾಡುವುದರಿಂದ ನಕ್ಷತ್ರದ ಬೆಳಕು ಅಲುಗುತ್ತದೆ. ಈ ಅಲುಗಾಟ ಕಡಿಮೆಯಾದಷ್ಟೂ ಆ ತಾಣದ ಇರುಳಾಗಸ ಶ್ರೇಷ್ಠ. ಅಂಥ ಆಗಸವನ್ನು ಅರಸುತ್ತ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಹಿಮದ ಪ್ರಸ್ಥಭೂಮಿಯನ್ನು ಏರಿದರು.

ದಕ್ಷಿಣ ಧ್ರುವದಲ್ಲಿ 1950ರ ದಶಕದಿಂದಲೇ ಅಮೆರಿಕದ ನೆಲೆಯಿತ್ತು. 1990ರ ದಶಕದಲ್ಲಿ ಅಳೆದಾಗ, ನೆಲಕ್ಕಂಟಿದ ಕಲಕುಗಾಳಿಯ ಪದರವೇ ಅಲ್ಲಿ 200 ಮೀಟರಿಗೂ ದಪ್ಪವೆಂದು ತಿಳಿಯಿತು. ತಣ್ಣನೆಯ ಗಾಳಿ ಭಾರವಾದದ್ದು. ನೀರಿನಂತೆ ಇಳಿಜಾರಿನತ್ತ ಹರಿಯುತ್ತದೆ. ಧ್ರುವವಿರುವುದು ಅಂಥ ಇಳಿಜಾರಿನಲ್ಲಿ. ಚಳಿಗಾಲದ ಬೆಳಗಿನಲ್ಲಿ ಕಣಿವೆ ಮಂಜಿನಿಂದ ತುಂಬಿರುವಾಗ ಗುಡ್ಡದ ನೆತ್ತಿ ತಿಳಿಯಾಗಿರುವುದನ್ನು ಕಂಡ ಮಲೆನಾಡಿಗರಿಗೆ ಈ ಮಾತು ಹೊಸದಲ್ಲ.

ಆದ್ದರಿಂದ ಶೋಧ ಹಿಮದ ನೆತ್ತಿಗಳತ್ತ ತಿರುಗಿತು. 3,233 ಮೀಟರ್ ಎತ್ತರದ ಡೋಮ್ ಸಿ ಎಂಬಲ್ಲಿ, ನೆಲದಿಂದ ಸುಮಾರು 30 ಮೀಟರ್ ಮೇಲೆ ಅಲುಗಾಟ ಕೇವಲ 0.27 ಆರ್ಕ್‌ಸೆಕೆಂಡ್ ಎಂದು 2004ರಲ್ಲಿ ವರದಿಯಾಯಿತು. ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ಹವಾಯಿ, ಚಿಲಿಗಳ ಉತ್ತಮ ತಾಣಗಳಲ್ಲಿ ಇದು 0.6ರಿಂದ 0.8. ಇನ್ನೂ ಎತ್ತರದ ಡೋಮ್ ಎ ನೆತ್ತಿಯಲ್ಲಿ 2019ರಲ್ಲಿ ಎಂಟು ಮೀಟರ್ ಗೋಪುರದ ಮೇಲೊಂದು ಪುಟ್ಟ ಉಪಕರಣವನ್ನು ನಿಲ್ಲಿಸಿ ಮನುಷ್ಯರು ಹಿಂದಿರುಗಿದರು. ತಿಂಗಳುಗಟ್ಟಲೆಯ ಕತ್ತಲೆಯಲ್ಲಿ ಯಂತ್ರವೊಂದೇ ಅಳೆಯುತ್ತಿತ್ತು. ಅಲ್ಲಿ ಕಲಕುಗಾಳಿಯ ಪದರ ಬಹುಮಟ್ಟಿಗೆ 14 ಮೀಟರ್ ಮಾತ್ರ. ಅದರ ಮೇಲೆ ಅಲುಗಾಟ 0.31 ಆರ್ಕ್‌ಸೆಕೆಂಡ್. ಈ ಫಲಿತಾಂಶ 2020ರಲ್ಲಿ ಪ್ರಕಟವಾಯಿತು.

ನೋಡುವ ಕಣ್ಣಿಗೆ ಮೂರೂ ತಾಣಗಳು ಒಂದೇ ಬಿಳಿಯ ಬಯಲು. ವ್ಯತ್ಯಾಸ ತಿಳಿದದ್ದು ಅಲ್ಲಿಯೇ ನಿಂತು, ಚಳಿಗಾಲದುದ್ದಕ್ಕೂ ಅಳೆದದ್ದರಿಂದ. ಭಾರೀ ದೂರದರ್ಶಕಕ್ಕೆ ಅಡಿಗಲ್ಲು ಹಾಕುವ ಮುನ್ನ ಪುಟ್ಟ ಉಪಕರಣವನ್ನು ಕಳುಹಿಸುವುದೇ ವಿಜ್ಞಾನದ ವಿನಯ. ಅಂಟಾರ್ಕ್ಟಿಕಾದಲ್ಲಿ ಯಾವ ಕೆಲಸಕ್ಕೂ ಮೊದಲು ಪರಿಸರದ ಮೇಲಿನ ಪರಿಣಾಮವನ್ನು ಪರಿಶೀಲಿಸಬೇಕೆಂಬ ನಿಯಮವನ್ನು 1991ರ ಮ್ಯಾಡ್ರಿಡ್ ಒಪ್ಪಂದ ವಿಧಿಸಿದೆ.

ನಮ್ಮ ಗುಡ್ಡಗಳನ್ನಾದರೋ ನಕ್ಷೆಯ ಮೇಲೆ ಒಂದು ಗೆರೆ ಎಳೆದು, ಒಂದು ಬೇಸಿಗೆಯಲ್ಲಿ ಕಂಡು, ‘ಪಾಳು’ ಎಂದು ಬರೆದುಬಿಡುವುದುಂಟು. ಮಳೆ, ಮಂಜು, ಒರತೆಗಳ ಲೆಕ್ಕವನ್ನು ಊರವರೂ ವಿದ್ಯಾರ್ಥಿಗಳೂ ವರ್ಷ ವರ್ಷವೂ ಬರೆದಿಟ್ಟರೆ, ಆ ಒಂದು ಪದಕ್ಕೆ ಉತ್ತರ ಹೇಳಲು ಆಧಾರವಿರುತ್ತದೆ. ಜನವಸತಿಯೇ ಇಲ್ಲದ ಹಿಮಕ್ಕೆ ಸಲ್ಲುವ ಎಚ್ಚರ, ಜನ ಬಾಳುವ ಬೆಟ್ಟಕ್ಕೆ ಸಲ್ಲಬಾರದೇ?